ದಿನಾ ಹನ್ನೊಂದಕ್ಕೆ ಸೌರಜ್ವಾಲೆ

"ಬಿಸಲು ನಮ್ಮೂರಾಗ ಕಡಿಮಿ ಐತೇನವಾ? ಸೂರ್ಯಾನ್ನ ನೋಡಾಕ ಬೆಂಗಳೂರಿಗೆ ಯಾಕ ಹೋಗ್ಬೇಕು?"

ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ರಾತ್ರಿ ರೈಲಿಗೆ ಕಾಯುವಾಗ ಅವ್ವ ಕೇಳಿದ್ದು. 2024ರ ಮೇ ತಿಂಗಳು. ವೋಟು ಹಾಕಿ ನಾಲ್ಕೈದು ದಿನವಾಗಿತ್ತು, ಬೆರಳಿನ ಶಾಯಿ ಹಾಗೇ ಇತ್ತು. ಕತ್ತಲಾಗಿ ಎಷ್ಟು ಹೊತ್ತಾದರೂ ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಕಾವು ಬಿಟ್ಟಿರಲಿಲ್ಲ. "ಅಲ್ಲಿ ಕಂಪ್ಯೂಟರಿನಾಗ ನೋಡ್ತಾರವ್ವಾ" ಅಂದೆ. ಅಪ್ಪ ಚೀಲ ಎತ್ತಿಕೊಡುತ್ತಾ, "ಕಂಪ್ಯೂಟರಿನಾಗ ನೋಡೂದಾದ್ರ ಮನ್ಯಾಗ ಕುಂತು ನೋಡಬಹುದಿತ್ತಲ್ಲ" ಅಂದ. ಎರಡು ತಿಂಗಳು ಕಳೆದ ಮೇಲೆ ಯೋಚಿಸಿದರೆ, ಅಪ್ಪ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಅಧ್ಯಯನ ಮಾಡಿದ ಅಂಕಿ-ಅಂಶವೆಲ್ಲ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದದ್ದೇ. ಮನೆಯಲ್ಲಿ ಸಿಗದಿದ್ದದ್ದು ಒಂದೇ: ನನ್ನ ಗ್ರಾಫ್ ನೋಡಿ "ಇದು ಸುಳ್ಳು" ಅನ್ನುವವರು.

ಎಂಎಸ್ಸಿ ಭೌತಶಾಸ್ತ್ರದ ಮೊದಲ ವರ್ಷದಲ್ಲಿದ್ದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೆ. ಯಾಕೆ ಈ ವಿಷಯ ಎಂದು ಬರೆಯಬೇಕಾದ ಕಡೆ ಮೊದಲ ಸಲ ಬ್ರಹ್ಮಾಂಡದ ರಹಸ್ಯ, ಬಾಲ್ಯದ ಕನಸು ಎಂದೆಲ್ಲ ಬರೆದಿದ್ದೆ. ನಮ್ಮ ಮೇಷ್ಟ್ರು ಅದನ್ನೆಲ್ಲ ಹೊಡೆದುಹಾಕಿ, "ನಿನಗೆ ಏನು ಮಾಡೋಕೆ ಬರುತ್ತೆ, ಅದು ಬರಿ" ಅಂದರು. ಹಾಗೆ ಬರೆದ ಮೇಲೆ ಅರ್ಧ ಪುಟವೂ ತುಂಬಲಿಲ್ಲ. ಆದರೂ ಆಯ್ಕೆಯಾಯಿತು. ಬೆಂಗಳೂರಿನ ಖಗೋಳ ಸಂಸ್ಥೆಯೊಂದರಲ್ಲಿ ಸೌರಜ್ವಾಲೆಗಳ, ಅಂದರೆ ಸೂರ್ಯನ ಮೇಲೆ ಏಕಾಏಕಿ ಸಿಡಿಯುವ ಸ್ಫೋಟಗಳ ಮೇಲೆ ಎರಡು ತಿಂಗಳ ಕೆಲಸ.

ನಾನು ಕಾಲಿಟ್ಟದ್ದು ಮೇ 13ರ ಸೋಮವಾರ. ಮದುವೆ ಮನೆಗೆ ಧಾರೆ ಮುಗಿದ ಮೇಲೆ ಬಂದ ನೆಂಟರ ಹಾಗಾಗಿತ್ತು ನನ್ನ ಸ್ಥಿತಿ. ಮೂರು ದಿನ ಹಿಂದಷ್ಟೇ, 10ರ ರಾತ್ರಿ, ಎರಡು ದಶಕಗಳಲ್ಲೇ ದೊಡ್ಡ ಭೂಕಾಂತೀಯ ಬಿರುಗಾಳಿ, ಅಂದರೆ ಸೂರ್ಯನಿಂದ ಚಿಮ್ಮಿದ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುವ ಬಿರುಗಾಳಿ, ಬಡಿದಿತ್ತು. ಲಡಾಖಿನ ಹಾನ್ಲೆಯ ಕ್ಯಾಮೆರಾದಲ್ಲಿ ಆಕಾಶ ಕೆಂಪಗೆ ಸಿಕ್ಕಿತ್ತು. ಇದಕ್ಕೆಲ್ಲ ಕಾರಣ 13664 ಎಂಬ ಸಂಖ್ಯೆಯ ಸೂರ್ಯಕಲೆಗಳ ಗುಂಪು. ಅಗಲ ಸುಮಾರು ಹದಿನೈದು ಭೂಮಿಗಳಷ್ಟು, ಗ್ರಹಣದ ಕನ್ನಡಕ ಹಾಕಿದರೆ ದೂರದರ್ಶಕವಿಲ್ಲದೆಯೇ ಕಾಣುವಂಥದ್ದು. ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಸಂಖ್ಯೆ. ನನ್ನ ಗೈಡ್ ಮೇಡಂ ಮೂರು ದಿನ ನಿದ್ದೆಗೆಟ್ಟ ಕಣ್ಣಲ್ಲಿ ನನ್ನನ್ನು ನೋಡಿ, "ಬಂದ್ರಾ? ಕೂತ್ಕೊಳ್ಳಿ. ಪೈಥಾನ್ ಬರುತ್ತಾ?" ಅಂದರು. "ಸ್ವಲ್ಪ ಬರ್ತೈತಿ ಮೇಡಂ." ಪೈಥಾನ್ ಎಂಬ ಆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನನ್ನ 'ಸ್ವಲ್ಪ' ಎಷ್ಟು ಸ್ವಲ್ಪ ಎಂಬುದು ಒಂದೇ ವಾರದಲ್ಲಿ ಬಯಲಾಯಿತು.

ಮರುದಿನ ರಾತ್ರಿ ಹಾಸ್ಟೆಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಪಿಎಚ್‌ಡಿ ಮಾಡುತ್ತಿದ್ದ ಸೀನಿಯರ್ ಅಕ್ಕ ಫೋನ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ತೆರೆಯ ಮೇಲೆ, ಸೂರ್ಯನ ಎಕ್ಸ್-ಕಿರಣವನ್ನು ಸದಾ ಅಳೆಯುವ ಅಮೆರಿಕದ ಗೋಸ್ ಉಪಗ್ರಹದ ಗ್ರಾಫ್. ಕೆಂಪು ಗೆರೆ ಗೋಡೆ ಹತ್ತುವ ಹಲ್ಲಿಯ ಹಾಗೆ ನೆಟ್ಟಗೆ ಮೇಲೇರುತ್ತಿತ್ತು. ನಮ್ಮ ಗಡಿಯಾರದಲ್ಲಿ ಹತ್ತು ಇಪ್ಪತ್ತೊಂದಕ್ಕೆ ಅದು ತುದಿ ಮುಟ್ಟಿತು: ಎಕ್ಸ್8.7. ಅದೇ 13664, ಸೂರ್ಯನ ಪಶ್ಚಿಮದ ಅಂಚಿನಿಂದ ಆಚೆ ಸರಿದು ಮರೆಯಾಗುವ ಮುನ್ನ ಕೊಟ್ಟ ಒದೆ. ತಲೆಯೆತ್ತಿ ನೋಡಿದರೆ ಕತ್ತಲೆ, ಪಕ್ಕದ ಬೀದಿಯಲ್ಲಿ ನೀರಿನ ಟ್ಯಾಂಕರ್ ಹಿಂದಕ್ಕೆ ಹೋಗುವ ಕುಂಯ್ ಕುಂಯ್. ಸೂರ್ಯ ಭೂಗೋಳದ ಆಚೆ ಬದಿಗಿದ್ದ. ನಾವು ಮಾತ್ರ ಅವನನ್ನು ನೋಡುತ್ತಿದ್ದೆವು. ಅವ್ವನ ಪ್ರಶ್ನೆಗೆ ಉತ್ತರ ಹೇಳಬೇಕಾಗಿದ್ದದ್ದು ಹೀಗೆ.

ಈ ಎಕ್ಸ್, ಎಂ, ಸಿ ಎಂಬ ದರ್ಜೆಗಳ ಲೆಕ್ಕ ಸರಳ. ಭೂಮಿಯ ಹತ್ತಿರ ಒಂದು ಚದರ ಮೀಟರಿನ ಮೇಲೆ ಬೀಳುವ ಮೃದು, ಅಂದರೆ ಕಡಿಮೆ ಶಕ್ತಿಯ, ಎಕ್ಸ್-ಕಿರಣದ ಪ್ರಮಾಣ ಒಂದು ವ್ಯಾಟಿನ ಹತ್ತು ಸಾವಿರದಲ್ಲೊಂದು ಪಾಲಾದರೆ ಎಕ್ಸ್1. ಅದರ ಹತ್ತರಲ್ಲೊಂದು ಎಂ1, ಅದರ ಹತ್ತರಲ್ಲೊಂದು ಸಿ1. ಇಷ್ಟು ಚಿಕ್ಕ ಸಂಖ್ಯೆಗೆ ಇಷ್ಟೊಂದು ಗಲಾಟೆಯೇ ಅನ್ನಿಸಬಹುದು. ಆದರೆ ಇದು 15 ಕೋಟಿ ಕಿಲೋಮೀಟರ್ ದಾಟಿ ಬಂದ ಮೇಲೆ ಉಳಿದದ್ದು.

ಮೇಡಂ ಕೊಟ್ಟ ಕೆಲಸ ನ್ಯೂಪರ್ಟ್ ಪರಿಣಾಮ ಎಂಬುದರ ಮೇಲೆ. ಸೂರ್ಯನ ಮೇಲ್ಮೈಯಿಂದ ಕಮಾನಿನಂತೆ ಎದ್ದ ಕಾಂತಗೆರೆಗಳು ಹುರಿ ಹೆಚ್ಚಾದ ಹಗ್ಗದ ಹಾಗೆ ತಿರುಚಿಕೊಂಡು, ಒಂದು ಹಂತದಲ್ಲಿ ಕಡಿದು ಬೇರೆ ರೀತಿ ಕೂಡಿಕೊಳ್ಳುತ್ತವೆ. ಆಗ ಬಿಡುಗಡೆಯಾಗುವ ಶಕ್ತಿಯಲ್ಲಿ ಒಂದು ಪಾಲು ಇಲೆಕ್ಟ್ರಾನುಗಳನ್ನು ಕೆಳಕ್ಕೆ ಎಸೆಯುತ್ತದೆ. ಅವು ದಟ್ಟವಾದ ಪದರಕ್ಕೆ ಬಡಿದು ನಿಂತಾಗ ಕಠಿಣ, ಅಂದರೆ ಹೆಚ್ಚು ಶಕ್ತಿಯ, ಎಕ್ಸ್-ಕಿರಣ ಹೊಮ್ಮುತ್ತದೆ, ಆ ಜಾಗದ ಅನಿಲ ಕೋಟಿ ಡಿಗ್ರಿಗೂ ಮೀರಿ ಕಾದು ಕಮಾನಿನೊಳಗೆ ಉಕ್ಕುತ್ತದೆ. ಉಕ್ಕಿ ತುಂಬಿದ ಆ ಅನಿಲ ಹೊಳೆಯುವುದು ಮೃದು ಎಕ್ಸ್-ಕಿರಣದಲ್ಲಿ. ಹಾಗಾಗಿ ಮೃದು ಎಕ್ಸ್-ಕಿರಣ ಏರುವ ವೇಗ ಕಠಿಣ ಎಕ್ಸ್-ಕಿರಣದ ಏರಿಳಿತವನ್ನು ಹೋಲಬೇಕು. ವರ್ನರ್ ನ್ಯೂಪರ್ಟ್ 1968ರಲ್ಲಿ ಈ ಬಗೆಯ ನಂಟನ್ನು ಗುರುತಿಸಿದ್ದರಿಂದ ಅವರ ಹೆಸರು.

ಬೋರ್ಡಿನ ಮೇಲೆ ಮೇಡಂ ಚಿತ್ರ ಬರೆಯುತ್ತಿದ್ದರೆ ನನಗೆ ಕಂಡದ್ದು ನಮ್ಮ ಬಚ್ಚಲ ಹಂಡೆ. ಒಲೆಗೆ ಹತ್ತಿಕಟ್ಟಿಗೆ ತುರುಕಿದರೆ ಉರಿ ಭಗ್ಗನೆ ಎದ್ದು ಅಷ್ಟೇ ಬೇಗ ಇಳಿಯುತ್ತದೆ. ನೀರು ಹಾಗಲ್ಲ, ಉರಿ ಇದ್ದಷ್ಟು ಹೊತ್ತು ಕಾಯುತ್ತಾ ಹೋಗಿ, ಒಲೆ ಆರಿದ ಮೇಲೂ ಬಿಸಿ ಹಿಡಿದುಕೊಂಡಿರುತ್ತದೆ. ಒಲೆಯ ಬಾಯಿ ನೋಡದೆ, ಹಂಡೆಯ ನೀರು ಎಷ್ಟೆಷ್ಟು ಬೇಗ ಕಾಯುತ್ತಿದೆ ಎಂಬುದನ್ನಷ್ಟೇ ಬರೆದಿಟ್ಟುಕೊಂಡು, ಉರಿ ಯಾವಾಗ ಜೋರಾಗಿತ್ತು ಎಂದು ಹೇಳಬಹುದೇ? ನನ್ನ ಎರಡು ತಿಂಗಳ ಪ್ರಶ್ನೆ ಇಷ್ಟೇ. ಹಂಡೆಯ ನೀರಿಗೆ ಗೋಸ್-16 ಉಪಗ್ರಹ, ಒಲೆಯ ಉರಿಗೆ ಕಠಿಣ ಎಕ್ಸ್-ಕಿರಣ ಹಿಡಿಯುವ ಫರ್ಮಿ ಬಾಹ್ಯಾಕಾಶ ದೂರದರ್ಶಕ. 2022 ಮತ್ತು 23ರ ಎಂ ದರ್ಜೆಯ ಜ್ವಾಲೆಗಳು.

ಮೊದಲ ವಾರದ ಓದಿಗೆ ಮೇಡಂ ಕೊಟ್ಟಿದ್ದರಲ್ಲಿ ಇಂಗ್ಲೆಂಡಿನ ಖಗೋಳ ವೀಕ್ಷಕ ರಿಚರ್ಡ್ ಕ್ಯಾರಿಂಗ್‌ಟನ್ 1859ರಲ್ಲಿ ಬರೆದ ಪುಟ್ಟ ವರದಿಯೂ ಇತ್ತು. ಆ ವರ್ಷದ ಸೆಪ್ಟೆಂಬರ್ 1ರಂದು ಅವನು ಸೂರ್ಯಕಲೆಗಳ ಚಿತ್ರ ಬರೆಯುತ್ತಿದ್ದಾಗ ಎರಡು ಕಡೆ ಕಣ್ಣು ಕುಕ್ಕುವ ಬೆಳಕು ಕಂಡಿತು. ಸಾಕ್ಷಿಗೆ ಯಾರನ್ನಾದರೂ ಕರೆಯೋಣವೆಂದು ಓಡಿದ. ಒಂದು ನಿಮಿಷದೊಳಗೆ ಮರಳಿ ಬಂದರೂ ಬೆಳಕು ಕುಂದಿಹೋಗಿತ್ತು. ಅವನ ಅದೃಷ್ಟಕ್ಕೆ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬ ಬೇರೆ ಜಾಗದಿಂದ ಅದನ್ನೇ ಕಂಡಿದ್ದ. ಸುಮಾರು ಹದಿನೇಳೂವರೆ ಗಂಟೆಯ ನಂತರ ಬಿರುಗಾಳಿ ಭೂಮಿಗೆ ಬಡಿದು ಟೆಲಿಗ್ರಾಫ್ ತಂತಿಗಳು ಅಸ್ತವ್ಯಸ್ತವಾದವು. ನನಗೆ ಆ ಬಿರುಗಾಳಿಯೇ ಕಥೆ ಅನ್ನಿಸಿತ್ತು. ಮೇಡಂಗೆ ಆ ಓಟ ಮುಖ್ಯವಾಗಿತ್ತು ಎಂಬುದು ತಿಳಿದದ್ದು ಮೂರನೇ ವಾರ.

ಎರಡನೇ ವಾರ ಹೋದದ್ದು ಫೈಲು ಇಳಿಸುವುದರಲ್ಲಿ, ಸನ್‌ಪೈ ಎಂಬ ಪೈಥಾನ್ ಪ್ಯಾಕೇಜಿನ ಜೊತೆ ಗುದ್ದಾಡುವುದರಲ್ಲಿ, ಅಂತರರಾಷ್ಟ್ರೀಯ ಸಮಯಕ್ಕೆ ಐದೂವರೆ ಗಂಟೆ ಕೂಡಿಸುವ ಕಡೆ ಕಳೆಯುವುದರಲ್ಲಿ. ಅರ್ಜಿ ಹಾಕಬೇಕೆಂದಿರುವವರಿಗೆ ಒಂದು ಮಾತು: ಹೊರಡುವ ಮೊದಲೇ ಪೈಥಾನ್ ಕೈಗೆ ಹತ್ತಿರಲಿ. ಎಂಟು ವಾರದಲ್ಲಿ ಒಂದು ವಾರ ಅಲ್ಪವಿರಾಮ ಹುಡುಕುವುದಕ್ಕೇ ಹೋದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಅತಿಬುದ್ಧಿ ತೋರಿಸಿದೆ. ಜ್ವಾಲೆಗಳ ಪಟ್ಟಿ ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ಬಳಸಿದರೆ ಸಾಕಿತ್ತು. ನಾನೇ ಹುಡುಕುತ್ತೇನೆ ಎಂದು ಒಂದು ಪ್ರೋಗ್ರಾಂ ಬರೆದೆ. ಎಕ್ಸ್-ಕಿರಣ ಹಿಂದಿನ ಮಟ್ಟಕ್ಕಿಂತ ಒಂದೂವರೆ ಪಟ್ಟು ಏರಿದಲ್ಲೆಲ್ಲ ಜ್ವಾಲೆ ಎಂದು ಗುರುತು ಹಾಕು ಎಂಬುದು ಅದಕ್ಕೆ ಹೇಳಿದ ನಿಯಮ. ಪಟ್ಟಿಯಲ್ಲಿ ಇಲ್ಲದ ಜ್ವಾಲೆಗಳು ಸಾಲುಸಾಲಾಗಿ ಬಂದವು. ಒಂದೊಂದೂ ಎರಡು ಮೂರು ನಿಮಿಷದಲ್ಲಿ ಚಕ್ಕನೆ ಏರುವಂಥವು. ಯಾರೂ ನೋಡದ ಜಾತಿಯೊಂದನ್ನು ಹಿಡಿದೆ ಅಂದುಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದಕ್ಕೆ ಏನು ಹೆಸರಿಡಬಹುದು ಎಂದೂ ಯೋಚಿಸಿದ್ದೆ.

ಬೆಳಿಗ್ಗೆ ಮೇಡಂ ಟೇಬಲ್ಲಿನ ಮೇಲೆ ಹನ್ನೆರಡು ಗ್ರಾಫ್ ಹರಡಿದೆ. ಅವರು ಚಹಾ ಲೋಟ ಪಕ್ಕಕ್ಕಿಟ್ಟು ಒಂದೊಂದನ್ನೇ ನೋಡಿದರು.

"ಏರಿದೆ. ಇಳಿಯೋದು ಎಲ್ಲಿ?"

ನೋಡಿದೆ. ಜ್ವಾಲೆಯಾದರೆ ಏರಿ, ತುದಿ ಮುಟ್ಟಿ, ನಿಧಾನ ಇಳಿಯಬೇಕು. ನನ್ನವು ಏರಿ ಹಾಗೇ ಸಮತಟ್ಟಾಗಿ ಉಳಿದಿದ್ದವು.

"ಇದರ ಹಿಂದೆ ಖಾಲಿ ಜಾಗ ಇದೆಯಲ್ಲ?"

"ಡೇಟಾ ಬಿಟ್ಟುಹೋಗಿರಬೇಕು ಮೇಡಂ."

"ಎಲ್ಲದರಲ್ಲೂ? ಹೊತ್ತು ನೋಡಿ."

ಐದು ಗಂಟೆ ಮೂವತ್ತೊಂದು. ಐದು ಮೂವತ್ತನಾಲ್ಕು. ಐದು ಮೂವತ್ತಾರು. ಬೇರೆ ಬೇರೆ ದಿನ, ಹೆಚ್ಚುಕಡಿಮೆ ಅದೇ ಹೊತ್ತು. ನಮ್ಮ ಲೆಕ್ಕದಲ್ಲಿ ಬೆಳಗಿನ ಹನ್ನೊಂದು.

"ಸೂರ್ಯ ಏನು ಬ್ಯಾಂಕ್ ಕೆಲಸಕ್ಕೆ ಹೋಗ್ತಾನೇನ್ರೀ, ದಿನಾ ಹನ್ನೊಂದಕ್ಕೆ ಹಾಜರಿ ಹಾಕೋಕೆ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಂಗಳು ನೋಡಿದರೆ ಎಲ್ಲವೂ ಮಾರ್ಚ್. ಆಗ ಹೊಳೆಯಿತು. ಗೋಸ್-16 ಇದ್ದದ್ದು ಸಮಭಾಜಕದ ಮೇಲೆ 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮ ರೇಖಾಂಶ 75ರ ಸುಮಾರಿಗೆ. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸು ಕೆಲವು ವಾರ, ಅದರ ಪಾಲಿನ ನಡುರಾತ್ರಿ ಬಂದಾಗಲೆಲ್ಲ ಸೂರ್ಯ ಭೂಮಿಯ ಹಿಂದೆ ಅಡಗುತ್ತಾನೆ, ಒಂದು ಗಂಟೆಗೂ ಹೆಚ್ಚು ಹೊತ್ತಿನವರೆಗೆ. ನಾನು ಹಿಡಿದ ಹೊಸ ಜಾತಿಯ ಜ್ವಾಲೆ ಎಂದರೆ ಉಪಗ್ರಹಕ್ಕೆ ಹಿಡಿದ ಗ್ರಹಣ ಬಿಡುವ ಹೊತ್ತು. ಗ್ರಹಣದೊಳಗಿನ ಬೆಲೆಗಳು ಸೊನ್ನೆಗೆ ಹತ್ತಿರ ಇದ್ದದ್ದರಿಂದ ಪ್ರತಿ ಮೆಟ್ಟಿಲಿಗೂ ಹತ್ತು ಪಟ್ಟು ಏರುವ ನನ್ನ ಲಾಗ್ ಅಳತೆಯ ಗ್ರಾಫಿನಲ್ಲಿ ಅವು ಕಾಣಿಸಿಕೊಳ್ಳದೆ ಖಾಲಿ ಜಾಗವಾಗಿದ್ದವು. ಪ್ರತಿ ಸಾಲಿನ ಪಕ್ಕ "ಈ ಅಂಕಿ ನಂಬಬೇಡಿ" ಎಂದು ಹೇಳುವ ಗುರುತಿನ ಕಾಲಮ್ಮೂ ಇತ್ತು. ಅದನ್ನು ನಾನು ತೆರೆದೇ ನೋಡಿರಲಿಲ್ಲ.

ಮೇಡಂ ಬೈಯಲಿಲ್ಲ. "ಇದನ್ನ ಇನ್ಯಾರು ನೋಡಿದ್ದಾರೆ ಅಂತ ನೀವು ಕೇಳಲೇ ಇಲ್ವಲ್ಲ" ಅಂದರು ಅಷ್ಟೇ. ಎಸ್‌ಡಿಓ ಉಪಗ್ರಹ 2010ರಿಂದ ಹನ್ನೆರಡು ಸೆಕೆಂಡಿಗೊಂದರಂತೆ ಸೂರ್ಯನ ಚಿತ್ರ ತೆಗೆಯುತ್ತಿದೆ. ಅದರ 131 ಆಂಗ್‌ಸ್ಟ್ರಾಮ್ ತರಂಗಾಂತರದ ಚಿತ್ರದಲ್ಲಿ ಜ್ವಾಲೆಯ ಕಮಾನು ಸುಣ್ಣ ಬಳಿದಂತೆ ಬೆಳ್ಳಗೆ ಎದ್ದು ಕಾಣುತ್ತದೆ. ಐದು ನಿಮಿಷದ ಕೆಲಸ. ತೆರೆದು ನೋಡಿದೆ, ಆ ಹೊತ್ತಿನಲ್ಲಿ ಸೂರ್ಯ ಊಟ ಮಾಡಿ ಮಲಗಿದವನ ಹಾಗೆ ತಣ್ಣಗಿದ್ದ. ಕ್ಯಾರಿಂಗ್‌ಟನ್ ಅಳಿಸಿಹೋಗುವ ಬೆಳಕನ್ನು ಬಿಟ್ಟು ಯಾಕೆ ಓಡಿದನೆಂದು ಅವತ್ತು ಅರ್ಥವಾಯಿತು. ಸೂರ್ಯನನ್ನು ನೋಡುವ ನಮ್ಮ ನೌಕೆ ಆದಿತ್ಯ-ಎಲ್1 ಇರುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ, ಸೂರ್ಯನ ದಿಕ್ಕಿಗೆ. ಅದಕ್ಕೆ ಈ ಗ್ರಹಣದ ಕಾಟವೇ ಇಲ್ಲ. ಆದರೆ ಅದು ತನ್ನ ಜಾಗ ಸೇರಿದ್ದು 2024ರ ಜನವರಿ 6ಕ್ಕೆ. ನನ್ನ ಜ್ವಾಲೆಗಳೆಲ್ಲ ಅದಕ್ಕಿಂತ ಹಿಂದಿನವು.

ರಾತ್ರಿ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಗ್ರಹಣದ ಸುದ್ದಿ ಕೇಳಿ, "ಅದಕ್ಕೂ ದರ್ಭೆ ಹಾಕ್ಬೇಕಿತ್ತು ಬಿಡು" ಎಂದು ನಕ್ಕಳು. ಹಂಡೆಯ ಲೆಕ್ಕ ವಿವರಿಸಿದಾಗ ಮಾತ್ರ ಗಂಭೀರವಾದಳು. "ಹಂಡೆದಾಗ ಮೊದಲ ಬಿಸಿನೀರು ಇದ್ರ? ನಿಮ್ಮಪ್ಪ ಜಳಕ ಮಾಡಿ ಉಳಿಸಿದ್ದು?" ನನಗೆ ತಲೆಗೆ ಹೊಡೆದಂತಾಯಿತು. ಒಂದು ಜ್ವಾಲೆಯ ಬಿಸಿ ಆರುವ ಮೊದಲೇ ಇನ್ನೊಂದು ಎದ್ದರೆ, ಹಿಂದಿನದರ ಇಳಿತ ಮುಂದಿನದರ ಏರಿಕೆಯನ್ನು ತಿನ್ನುತ್ತದೆ. ಹಾಗೆ ಮೈಮೇಲೆ ಬಿದ್ದ ಜ್ವಾಲೆಗಳನ್ನು ಬೇರೆ ತೆಗೆದಿಟ್ಟೆ. ಮೇಡಂಗೆ ಈ ಸಲಹೆ ಯಾರದ್ದು ಎಂದು ಹೇಳಿದಾಗ, "ನಿಮ್ಮ ತಾಯಿಗೆ ಅಕ್ನಾಲೆಜ್‌ಮೆಂಟ್ ಕೊಡಿ" ಅಂದರು. ವರದಿಯ ಕೊನೆ ಪುಟದಲ್ಲಿ ಕೊಟ್ಟಿದ್ದೇನೆ.

ಇನ್ನೊಂದು ಪೆಟ್ಟು ಬಿದ್ದದ್ದು 2012-14ರ ಕೆಲವು ಹಳೆಯ ಜ್ವಾಲೆಗಳನ್ನು ಸೇರಿಸಲು ಹೋದಾಗ. ಪಟ್ಟಿಯಲ್ಲಿ ಎಂ7 ಎಂದಿದ್ದದ್ದು ನನ್ನ ಗ್ರಾಫಿನಲ್ಲಿ ಎಕ್ಸ್1 ಆಗಿ ನಿಂತಿತು. ಎಲ್ಲದರಲ್ಲೂ ಅದೇ ಅನುಪಾತ. ಗ್ರಹಣದ ಅವಮಾನ ಹಸಿಯಾಗಿದ್ದರಿಂದ ತಪ್ಪು ನನ್ನದೇ ಎಂದು ಎರಡು ದಿನ ನನ್ನ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಕೆದಕಿದೆ. ಕೊನೆಗೆ ಸೀನಿಯರ್ ಅಕ್ಕ ಹೇಳಿದರು: ಹಳೆಯ ಗೋಸ್ ಉಪಗ್ರಹಗಳ ದಿನನಿತ್ಯದ ಅಂಕಿಗಳನ್ನು ಅವಕ್ಕೂ ಹಿಂದಿನವುಗಳ ಜೊತೆ ಹೊಂದಿಸಲು 0.7ರಿಂದ ಗುಣಿಸಿ ಇಡುತ್ತಿದ್ದರು. ದರ್ಜೆಗಳ ಪಟ್ಟಿ ಆ ಲೆಕ್ಕದ್ದು, ಮರುಸಂಸ್ಕರಿಸಿದ ಡೇಟಾದಲ್ಲಿ ಆ ಗುಣಕವನ್ನು ತೆಗೆದಿದ್ದಾರೆ. ಏಳನ್ನು 0.7ರಿಂದ ಭಾಗಿಸಿದರೆ ಹತ್ತು. ಹಾಗೆ ಎಂ7 ಎಕ್ಸ್1 ಆಗುತ್ತದೆ. ಹಳೆಯ ದೊಡ್ಡ ಜ್ವಾಲೆಗಳ ಜೊತೆ ಈಗಿನವನ್ನು ಹೋಲಿಸುವ ಸುದ್ದಿಗಳನ್ನು ಓದುವಾಗ ಈಗ ನನಗೆ ಮೊದಲು ಬರುವ ಅನುಮಾನ ಇದೇ. ಯಾವ ಸೇರಿನಲ್ಲಿ ಅಳೆದದ್ದು?

ಜೂನ್ 2ರ ಭಾನುವಾರ ಬೆಂಗಳೂರಿಗೆ ಸುರಿದ ಆ ದಾಖಲೆ ಮಳೆಯಲ್ಲಿ ಕರೆಂಟ್ ಹೋಗಿ, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವ ತನಕ ಕೂತು ಫರ್ಮಿಯ ಅಂಕಿಗಳನ್ನು ಹೊಂದಿಸಿದೆ. ಫರ್ಮಿ ಮೂಲತಃ ದೂರದ ಗಾಮಾ-ಕಿರಣ ಸ್ಫೋಟಗಳಿಗೆ ಕಾಯುವ ಯಂತ್ರ. ಸೂರ್ಯ ಅದರ ಕಣ್ಣಿಗೆ ದಾರಿಯಲ್ಲಿ ಸಿಗುವವನು. ಸುಮಾರು 95 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವುದರಿಂದ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಹೊತ್ತು ಸೂರ್ಯ ಮರೆಗೆ ಹೋಗುತ್ತಾನೆ. ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣದ ವಲಯ ಹಾಯುವಾಗ ಅದರ ಪತ್ತೆಕಾರಕಗಳನ್ನೇ ಆರಿಸಿಡುತ್ತಾರೆ. ನನಗೆ ಬೇಕಾದ ನಾಲ್ಕು ನಿಮಿಷ ಅಷ್ಟರಲ್ಲೇ ಕಳೆದುಹೋಗಿರುತ್ತಿತ್ತು. ನೂರಕ್ಕೂ ಹೆಚ್ಚು ಜ್ವಾಲೆಗಳಿಂದ ಹೊರಟವಳು 38ಕ್ಕೆ ಬಂದು ನಿಂತೆ.

ನಿಜವಾದ ಕೆಲಸ ಅಲ್ಲಿಂದ. ಸೆಕೆಂಡಿಗೊಂದು ಅಂಕಿಯಿರುವ ಗೆರೆಯ ವೇಗ ತೆಗೆದರೆ ಬರುವುದು ಗೆರೆಯಲ್ಲ, ಮಳೆಗಾಲದ ಹುಲ್ಲು. ಪ್ರತಿ ಚಿಕ್ಕ ನಡುಕವೂ ಹತ್ತು ಪಟ್ಟಾಗಿ ಎದ್ದು ನಿಲ್ಲುತ್ತದೆ. ಅದಕ್ಕೆ ನಯಗೊಳಿಸಬೇಕು, ಅಂದರೆ ಅಕ್ಕಪಕ್ಕದ ಇಷ್ಟು ಸೆಕೆಂಡುಗಳ ಸರಾಸರಿ ಹಿಡಿಯಬೇಕು. ಎಷ್ಟು ಸೆಕೆಂಡು? ಹತ್ತು ಹಿಡಿದರೆ ಹುಲ್ಲು ಹೋಗುವುದಿಲ್ಲ. ಅರವತ್ತು ಹಿಡಿದರೆ ಹುಲ್ಲಿನ ಜೊತೆ ಪೈರೂ ಹೋಗುತ್ತದೆ. ಎರಡು ಶಿಖರ ಒಂದೇ ಗುಡ್ಡವಾಗುತ್ತದೆ. ನಾನು ಒಂದೊಂದು ಜ್ವಾಲೆಗೂ ಬೇರೆ ಬೇರೆ ಸೆಕೆಂಡು ಇಟ್ಟು ನೋಡಿ, ಫರ್ಮಿಯ ಗೆರೆಯ ಮೇಲೆ ಚೆನ್ನಾಗಿ ಕೂರುವುದನ್ನು ಆರಿಸಿದೆ. ಬಹುತೇಕ ಎಲ್ಲವೂ ಹೊಂದಿಕೊಂಡವು. ಗ್ರಾಫ್‌ಗಳು ನೋಡಲು ಎಷ್ಟು ಚೆಂದ ಇದ್ದವೆಂದರೆ ಒಂದನ್ನು ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದೆ.

"ಇದಕ್ಕೆ ಇಪ್ಪತ್ತು ಸೆಕೆಂಡು, ಇದಕ್ಕೆ ನಲವತ್ತೈದು. ಯಾಕೆ?"

"ಅದರಲ್ಲಿ ಚೆನ್ನಾಗಿ ಕೂರುತ್ತೆ ಮೇಡಂ."

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಬಟ್ಟೆಗೆ ತಕ್ಕ ಹಾಗೆ ಟೇಪನ್ನೇ ಎಳೆಯೋ ಟೈಲರ್ ಹತ್ರ ನೀವು ಜಾಕೀಟು ಹೊಲಿಸ್ತೀರಾ?" ಅಂದರು.

ಫರ್ಮಿಯ ಗೆರೆ ನೋಡದೆಯೇ ಮೊದಲು ಒಂದು ಅಳತೆ ನಿರ್ಧರಿಸಿ, 38ಕ್ಕೂ ಅದನ್ನೇ ಹಾಕಿದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜ್ವಾಲೆಗಳಲ್ಲಿ ಮಾತ್ರ ಹೊಂದಿಕೆ ಉಳಿಯಿತು. ಉಳಿದವುಗಳಲ್ಲಿ ಕಠಿಣ ಎಕ್ಸ್-ಕಿರಣ ಆರಿದ ಮೇಲೂ ಮೃದು ಎಕ್ಸ್-ಕಿರಣ ಏರುತ್ತಲೇ ಇತ್ತು. ಒಲೆ ಆರಿದರೂ ನೀರು ಕಾಯುತ್ತಿತ್ತು ಅನ್ನಿ. ಅಂದರೆ ನಾವು ನೋಡದ ಇನ್ನೊಂದು ಕಾವು ಎಲ್ಲೋ ಇದೆ. ಇದು ನನ್ನ ಶೋಧವಲ್ಲ, ಬಲ್ಲವರಿಗೆ ಹಳೆಯ ವಿಷಯ. ಆದರೆ ವಾಲ್‌ಪೇಪರಿನ ಜ್ವಾಲೆಯೂ ಆ ಗುಂಪಿಗೇ ಬಿದ್ದಾಗ ಸಂಕಟವಾಯಿತು. ಎರಡು ದಿನ ಬಿಟ್ಟು ವಾಲ್‌ಪೇಪರ್ ತೆಗೆದೆ.

ನಡುವೆ ಒಂದು ಶನಿವಾರ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ ನೋಡಿ ಬಂದೆವು. ದೊಡ್ಡ ಗುಮ್ಮಟದ ನಿರೀಕ್ಷೆಯಲ್ಲಿ ಹೋದರೆ, ಬಯಲಲ್ಲಿ ಹಳೆಯ ಟಿವಿ ಆಂಟೆನಾಗಳಂಥವು ಸಾಲಾಗಿ ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಜ್ವಾಲೆಯಿಂದ ಹೊರಕ್ಕೆ ಚಿಮ್ಮುವ ಇಲೆಕ್ಟ್ರಾನುಗಳು ರೇಡಿಯೋ ವರ್ಣಪಟಲದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮೇಲಿನ ಆವರ್ತನದಿಂದ ಕೆಳಕ್ಕೆ ಜಾರುವ ಗೀರಾಗಿ ಕಾಣುತ್ತವೆ. ಅಂಥ ವರ್ಣಪಟಲದಲ್ಲಿ 88ರಿಂದ 108 ಮೆಗಾಹರ್ಟ್ಜ್ ನಡುವೆ ನೆಟ್ಟನೆಯ ಗೆರೆಗಳು ಕಂಡರೆ ಅವು ಸೂರ್ಯನವಲ್ಲ, ಎಫ್‌ಎಂ ಕೇಂದ್ರಗಳವು. ನನ್ನ ಗ್ರಹಣಗಳಿಗೆ ಜೊತೆಗಾರರು ಸಿಕ್ಕಂತಾಗಿ ಖುಷಿಯಾಯಿತು.

ಜುಲೈಯಲ್ಲಿ ಹದಿನೈದು ನಿಮಿಷದ ಮಂಡನೆ. ಮೊದಲ ಸ್ಲೈಡಿಗೆ ಗ್ರಹಣದ ಗ್ರಾಫನ್ನೇ ಹಾಕಿದೆ. ಸೀನಿಯರ್ ಅಕ್ಕ ಬೇಡ ಅಂದಿದ್ದರು. ಸಭೆ ನಕ್ಕಿತು. ಹಿಂದಿನ ಸಾಲಿನ ಹಿರಿಯರೊಬ್ಬರು ಮಾತ್ರ ನಗದೆ, ತಾವೂ ಒಮ್ಮೆ ಹೀಗೇ ಸಿಕ್ಕಿಬಿದ್ದದ್ದನ್ನು ಹೇಳಲು ಶುರುಮಾಡಿ ನನ್ನ ಪ್ರಶ್ನೋತ್ತರದ ಹೊತ್ತನ್ನೆಲ್ಲ ತಿಂದುಹಾಕಿದರು. ನನಗೂ ಅದೇ ಬೇಕಿತ್ತು.

ಅಕ್ಟೋಬರ್ 3, ನವರಾತ್ರಿಯ ಮೊದಲ ದಿನ, ಊರಿನಲ್ಲಿದ್ದೆ. ಅವ್ವ ಘಟದ ಮುಂದೆ ದೀಪಕ್ಕೆ ಎಣ್ಣೆ ಎರೆಯುತ್ತಿದ್ದಳು. ಸಂಜೆ ಆರರ ಸುಮಾರಿಗೆ ಫೋನ್ ತೆರೆದರೆ ಗೆರೆ ಮತ್ತೆ ಗೋಡೆ ಹತ್ತಿತ್ತು. ಎಕ್ಸ್9.0, ಸೂರ್ಯನ ಚಟುವಟಿಕೆ ಏರಿ ಇಳಿಯುವ ಸುಮಾರು ಹನ್ನೊಂದು ವರ್ಷದ ಈ ಸೌರಚಕ್ರದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡದು. ಕೈ ನಡುಗಿತು, ಆದರೂ ಮೊದಲು ನೋಡಿದ್ದು ಹೊತ್ತು. ಗ್ರಹಣದ ಹಂಗಾಮು ಇನ್ನೂ ಮುಗಿದಿರಲಿಲ್ಲ. ಶಿಖರ ಇದ್ದದ್ದು ಅಂತರರಾಷ್ಟ್ರೀಯ ಸಮಯ 12 ಗಂಟೆ 18ಕ್ಕೆ, ನೆರಳಿನ ಹೊತ್ತಲ್ಲ. ಏರಿದ್ದು ಇಳಿಯುತ್ತಲೂ ಇತ್ತು. ಎಸ್‌ಡಿಓ ಚಿತ್ರ ಬರುವವರೆಗೆ ಕಾದೆ. ಸೂರ್ಯನ ನಡುಭಾಗದ ಹತ್ತಿರ ಸುಣ್ಣದ ಬೊಟ್ಟು. ಆಮೇಲೆ ಮೇಡಂಗೆ ಮೆಸೇಜ್ ಹಾಕಿದೆ: "ಎಕ್ಸ್9 ಮೇಡಂ. ಎಸ್‌ಡಿಓದಲ್ಲೂ ಇದೆ."

ಉತ್ತರ ಬರಲು ಒಂದು ನಿಮಿಷವೂ ಆಗಲಿಲ್ಲ. "ನೋಡಿದೆ. ಎಷ್ಟು ಸೆಕೆಂಡಿನ ಸರಾಸರಿ ಹಾಕ್ತೀರಿ, ಈಗಲೇ ಹೇಳಿ."